ಸ್ಲಿಪ್ಪಿನಲ್ಲಿ "16, ಜಿರ್ಕೋನಿಯಾ, ಎ2" ಅಷ್ಟೇ. ಮಾರ್ಜಿನ್ ಕಾಣಿಸ್ತಿಲ್ಲ ಅಂತ ಡಾಕ್ಟರಿಗೆ ಹೇಳೋದು ಹೇಗೆ?

ಮೇಣದ_ಚಾಕು:

ಎಲ್ಲರಿಗೂ ನಮಸ್ಕಾರ. ಡೆಂಟಲ್ ಲ್ಯಾಬಿನಲ್ಲಿ ಕ್ರೌನ್ (ಹಲ್ಲಿನ ಕ್ಯಾಪ್), ಬ್ರಿಡ್ಜ್ ಕೆಲಸ ಮಾಡುವವನು ನಾನು. ಇಲ್ಲಿ ಡಾಕ್ಟರುಗಳೂ ಇದ್ದೀರಿ, ಲ್ಯಾಬಿನವರೂ ಇದ್ದೀರಿ, ಅದಕ್ಕೇ ಇಲ್ಲಿ ಕೇಳ್ತಿದ್ದೇನೆ.

ಡಾಕ್ಟರುಗಳಿಂದ ನಮಗೆ ಬರುವ ಸ್ಲಿಪ್ಪುಗಳಲ್ಲಿ ಸಾಮಾನ್ಯವಾಗಿ ಮೂರೇ ಮಾತು ಇರುತ್ತದೆ. ಹಲ್ಲಿನ ನಂಬರ್, ಮೆಟೀರಿಯಲ್, ಶೇಡ್ ಅಂದರೆ ಬಣ್ಣ. "ಅರ್ಜೆಂಟ್" ಅಂತ ಬರೆಯೋದನ್ನು ಮಾತ್ರ ಯಾರೂ ಮರೆಯೋದಿಲ್ಲ. ಉಳಿದದ್ದೆಲ್ಲ ನಾವೇ ಊಹಿಸಿಕೊಳ್ಳಬೇಕು.

ಈಗ ಟೇಬಲ್ ಮೇಲಿರುವ ಕೇಸನ್ನೇ ಹೇಳ್ತೇನೆ. 16, ಜಿರ್ಕೋನಿಯಾ, ಎ2. ಸಿಲಿಕೋನ್ ಇಂಪ್ರೆಷನ್, ಅಂದರೆ ಹಲ್ಲಿನ ಅಚ್ಚು. ಕೆನ್ನೆ ಕಡೆಯ ಮಾರ್ಜಿನ್ (ಕ್ರೌನ್ ಬಂದು ಕೂರಬೇಕಾದ ಅಂಚು) ಚೆನ್ನಾಗಿ ಬಂದಿದೆ, ಲೂಪ್ ಇಲ್ಲದೆಯೂ ಕಾಣುತ್ತದೆ. ಆದರೆ ಹಿಂದುಗಡೆ, ಅಂಗುಳಿನ ಮೂಲೆಯಲ್ಲಿ ಮೆಟೀರಿಯಲ್ ಎಳೆದುಕೊಂಡು ಮಡಿಚಿಕೊಂಡಿದೆ, ಅದರ ಪಕ್ಕದಲ್ಲೇ ಒಂದು ಗುಳ್ಳೆ. ಡೈ (ಆ ಅಚ್ಚಿನಿಂದ ಮಾಡಿದ ಹಲ್ಲಿನ ಮಾಡೆಲ್) ಟ್ರಿಮ್ ಮಾಡಿ ನೋಡಿದರೆ ಅಲ್ಲಿ ಪ್ರೆಪ್ (ಡಾಕ್ಟರ್ ಕ್ರೌನಿಗಾಗಿ ಸವೆಸಿದ ಭಾಗ) ಎಲ್ಲಿ ಮುಗಿಯಿತು, ವಸಡು ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗೋದಿಲ್ಲ. ಇರೋದು ಎರಡು ಮಿಲಿಮೀಟರ್ ಜಾಗ. ಈ ಕಡೆಯಿಂದ ಆ ಕಡೆಗೆ ಪೆನ್ಸಿಲ್ಲಿನಲ್ಲಿ ಗೆರೆ ಕೂಡಿಸಿಬಿಟ್ಟರೆ ಕ್ರೌನ್ ಆಗುತ್ತದೆ, ಡೈ ಮೇಲೆ ಲಕ್ಷಣವಾಗಿ ಕೂರುತ್ತದೆ. ಬಾಯಲ್ಲಿ ಕೂರುತ್ತದಾ ಅನ್ನೋದು ಆಮೇಲಿನ ಮಾತು.

ಸಾಲದ್ದಕ್ಕೆ ಜಾಗವೂ ಇಲ್ಲ. ಎದುರು ಮಾಡೆಲ್ ಕೂಡಿಸಿ, ನಡುವೆ ಮೇಣ ಒತ್ತಿ ಕ್ಯಾಲಿಪರಿನಲ್ಲಿ ಅಳೆದರೆ ಅಂಗುಳು ಕಡೆಯ ಕಸ್ಪ್ (ಹಲ್ಲಿನ ಮೇಲಿನ ದಿಬ್ಬ) ಮೇಲೆ ಬರ್ತಿರೋದು 0.7 ಮಿ.ಮೀ.

ಫೋನ್ ಮಾಡಿದರೆ "ನೀವೇ ಸ್ವಲ್ಪ ಅಡ್ಜಸ್ಟ್ ಮಾಡಿ ಕೊಡಿ, ಪೇಷೆಂಟಿಗೆ ಟೈಮ್ ಕೊಟ್ಟಾಗಿದೆ" ಅನ್ನುತ್ತಾರೆ. ಮಾಡಿಕೊಟ್ಟರೆ ಫಿಟ್ ಇಲ್ಲ, ಹೈ ಇದೆ (ಕಚ್ಚಿದಾಗ ಎತ್ತರ ಆಗುತ್ತದೆ) ಅಂತ ವಾಪಸ್ ಬರುತ್ತದೆ, ರೀಮೇಕ್ ನಮ್ಮ ತಲೆಗೆ. ಗಟ್ಟಿಯಾಗಿ ಹೇಳಿದರೆ ಮುಂದಿನ ಕೇಸು ಬೇರೆ ಲ್ಯಾಬಿಗೆ ಹೋಗುತ್ತದೆ. ಡಾಕ್ಟರುಗಳೇ, ಲ್ಯಾಬಿನವರು ಹೇಗೆ ಹೇಳಿದರೆ ನಿಮ್ಮ ಕಿವಿಗೆ ಬೀಳುತ್ತದೆ? ಬೇರೆ ಲ್ಯಾಬಿನವರು ಇಂಥ ಕೇಸು ಬಂದಾಗ ಏನು ಮಾಡ್ತೀರಿ?

ಡ್ರಿಲ್_ಡಾಕ್ಟರ್:

ಜನರಲ್ ಪ್ರಾಕ್ಟೀಸ್ ಮಾಡುವವನು ನಾನು. ಡಾಕ್ಟರ್ ಕಡೆಯಿಂದ ಒಂದು ಮಾತು, ಫೋನ್ ಮಾಡಬೇಡಿ. ನೀವು ಕರೆ ಮಾಡಿದಾಗ ನಮ್ಮ ಎರಡೂ ಕೈ ಬೇರೆ ಯಾರದೋ ಬಾಯಲ್ಲಿರುತ್ತದೆ, ಅಸಿಸ್ಟೆಂಟ್ ಫೋನನ್ನು ಕಿವಿಗೆ ಹಿಡಿದಿರುತ್ತಾರೆ, ಯಾವ ಪೇಷೆಂಟ್ ಅಂತಲೂ ಆ ಕ್ಷಣಕ್ಕೆ ನೆನಪಾಗೋದಿಲ್ಲ. ಅಂಥ ಹೊತ್ತಿನಲ್ಲಿ "ಅಡ್ಜಸ್ಟ್ ಮಾಡಿ" ಅನ್ನೋದು ಉತ್ತರ ಅಲ್ಲ, ಫೋನ್ ಇಡೋಕೆ ಒಂದು ದಾರಿ ಅಷ್ಟೇ.

ಫೋಟೊ ಕಳಿಸಿ. ಇಂಪ್ರೆಷನ್ ಒಳಗಿನದು ಒಂದು, ಟ್ರಿಮ್ ಮಾಡಿದ ಡೈ ಒಂದು. ಕಾಣದ ಜಾಗಕ್ಕೆ ಬಾಣದ ಗುರುತು ಹಾಕಿ. ಕೆಳಗೆ ಒಂದೇ ಸಾಲು: "16, ಹಿಂದುಗಡೆ ಅಂಗುಳಿನ ಮೂಲೆ, 2 ಮಿ.ಮೀ. ಮಾರ್ಜಿನ್ ಇಲ್ಲ. ಹೊಸ ಇಂಪ್ರೆಷನ್ ಕಳಿಸ್ತೀರಾ?" "ಇಂಪ್ರೆಷನ್ ಸರಿ ಇಲ್ಲ ಸರ್" ಅಂದರೆ ಯಾರಿಗಾದರೂ ಚುರ್ ಅನ್ನುತ್ತದೆ. ಎಲ್ಲಿ, ಎಷ್ಟು ಅಂತ ತೋರಿಸಿದರೆ ವಾದ ಮಾಡೋಕೆ ಏನೂ ಉಳಿಯೋದಿಲ್ಲ, ಫೋಟೊ ದೊಡ್ಡದು ಮಾಡಿ ನೋಡಿದರೆ ನಮಗೇ ಕಾಣುತ್ತದಲ್ವಾ.

ಇನ್ನೊಂದು, ಬಂದ ದಿನವೇ ಹೇಳಿ. ಅವತ್ತು ಗೊತ್ತಾದರೆ ಪೇಷೆಂಟನ್ನು ಮರುದಿನ ಕರೆಸಬಹುದು. ಡೆಲಿವರಿಯ ಹಿಂದಿನ ಸಂಜೆ ಹೇಳಿದರೆ ನಾನೂ "ಹೇಗಾದರೂ ಮಾಡಿ ಕಳಿಸಿ" ಅಂತಲೇ ಅನ್ನುತ್ತೇನೆ. ದಿನ ಹೋದಷ್ಟೂ ಟೆಂಪರರಿ ಕ್ಯಾಪಿನ ಅಂಚಿನಲ್ಲಿ ವಸಡು ಊದಿಕೊಂಡು ಮಾರ್ಜಿನ್ ಮೇಲೆ ಬಂದು ಕೂರುತ್ತದೆ, ರಕ್ತ ಬರೋಕೆ ಶುರುವಾದರೆ ಎರಡನೇ ಇಂಪ್ರೆಷನ್ ಮೊದಲನೆಯದಕ್ಕಿಂತ ಕೆಟ್ಟದಾಗುತ್ತದೆ.

ಹಳೇ_ಸೆರಾಮಿಸ್ಟ್:

ತಮ್ಮಾ, ಆ ಗೆರೆ ಎಳೀಬೇಡ. ಮೊದಲು ಪೆನ್ಸಿಲ್ ಕೆಳಗಿಡು.

ಯಾಕೆ ಅಂತ ಹೇಳ್ತೀನಿ. ಕ್ರೌನ್ ಅಂಚಿನಲ್ಲಿ 120 ಮೈಕ್ರಾನ್ (0.12 ಮಿ.ಮೀ.) ತನಕ ಸಂದು ಇದ್ದರೆ ನಡೆಯುತ್ತದೆ ಅನ್ನುವ ಲೆಕ್ಕ 1971ರಿಂದ ಓಡಾಡ್ತಿದೆ, ಈಗಲೂ ಎಲ್ಲರೂ ಅದನ್ನೇ ಹೇಳೋದು. ನಿನ್ನ ಹತ್ತಿರ ಇರೋದು 0.5 ಮಿ.ಮೀ. ಪೆನ್ಸಿಲ್ ಆದರೆ ಅದರ ಗೆರೆಯ ದಪ್ಪವೇ ಅದಕ್ಕಿಂತ ಜಾಸ್ತಿ. ಕಾಣುವ ಮಾರ್ಜಿನ್ ಮೇಲೇ ಗೆರೆಯ ಯಾವ ಅಂಚಿಗೆ ಮೇಣ ನಿಲ್ಲಿಸಬೇಕು ಅಂತ ಯೋಚನೆ ಮಾಡ್ತೀವಿ, ಕಾಣದ ಕಡೆ ಎರಡು ಮಿಲಿಮೀಟರ್ ಸುಮ್ನೆ ಎಳೆದುಬಿಡೋದಾ?

ಗೆರೆ ಆಚೆ ಹೋದರೆ ಕ್ರೌನ್ ವಸಡಿಗೆ ಒತ್ತುತ್ತದೆ, ಇಲ್ಲ ಅಲ್ಲೇ ತಗುಲಿಕೊಂಡು ಪೂರ್ತಿ ಇಳಿಯೋದೇ ಇಲ್ಲ. ಆಮೇಲೆ ನಡೆಯೋದು ನೋಡಬೇಕು. ಕ್ರೌನ್ ಮೇಲೆ ನಿಂತಿರುತ್ತದೆ, ಡಾಕ್ಟರ್ ಕಚ್ಚಿಸಿ ನೋಡ್ತಾರೆ, ಹೈ ಅನ್ನಿಸುತ್ತದೆ, ಕಚ್ಚಿದ ಗುರುತು ಬೀಳಿಸುವ ಆರ್ಟಿಕ್ಯುಲೇಟಿಂಗ್ ಪೇಪರ್ ಇಟ್ಟು ಮೇಲ್ಮೈ ಸವೆಸ್ತಾರೆ. ತೊಂದರೆ ಇರೋದು ಕೆಳಗೆ, ಉಜ್ಜೋದು ಮೇಲೆ. ಲ್ಯಾಬಿಗೆ ಬರೋ ಸುದ್ದಿ ಮಾತ್ರ "ಬೈಟ್ ಸರಿ ಇಲ್ಲ" ಅಂತ. ಗೆರೆ ಈಚೆ ನಿಂತರೆ ಇನ್ನೂ ಕೆಟ್ಟದ್ದು, ಅವತ್ತು ಯಾರಿಗೂ ಗೊತ್ತಾಗೋದಿಲ್ಲ. ಸಂದಿನಲ್ಲಿ ಸಿಮೆಂಟ್ ಕರಗಿ ಹೋಗಿ, ಒಳಗೆ ಹುಳುಕು ಹಿಡಿದು, ಒಂದು ದಿನ ಕ್ಯಾಪ್ ಕೈಗೆ ಬರುತ್ತದೆ.

ಅಷ್ಟಕ್ಕೂ ಮಾಡಲೇಬೇಕು ಅಂತ ಡಾಕ್ಟರ್ ಹಠ ಹಿಡಿದರೆ, ಡೈಯನ್ನು ಅವರ ಹತ್ತಿರ ಕಳಿಸು, ಗೆರೆ ಅವರೇ ಎಳೆದು ಕೊಡಲಿ. ಬಾಯಲ್ಲಿ ಪ್ರೆಪ್ ಮಾಡಿದವರು ಅವರು, ಮಾರ್ಜಿನ್ ಎಲ್ಲಿ ನಿಲ್ಲಿಸಿದ್ದೇನೆ ಅಂತ ಅವರಿಗೆ ಗೊತ್ತಿರಬೇಕು. ಹತ್ತರಲ್ಲಿ ಒಂಬತ್ತು ಜನ ಪೆನ್ಸಿಲ್ ಕೈಗೆ ತಗೊಂಡು ಆ ಮೂಲೆ ನೋಡಿದ ಮೇಲೆ ಹೊಸ ಇಂಪ್ರೆಷನ್ ಕಳಿಸ್ತಾರೆ.

ಸ್ಲಿಪ್ ವಿಷಯಕ್ಕೆ ಬಂದರೆ, ಖಾಲಿ ಸ್ಲಿಪ್ ಬರ್ತಿದೆ ಅಂದರೆ ಅದರಲ್ಲಿ ಬರೆಯೋಕೆ ಜಾಗವೇ ಇಲ್ಲ ಅಂತ ಅರ್ಥ. ಸ್ಲಿಪ್ ಅಚ್ಚು ಹಾಕಿಸೋದು ನಾವು ತಾನೇ? ನಮ್ಮ ಸ್ಲಿಪ್ಪಿನಲ್ಲಿ "ಜಾಗ ಸಾಲದಿದ್ದರೆ ಏನು ಮಾಡಬೇಕು" ಅಂತ ಒಂದು ಸಾಲು ಸೇರಿಸಿದ್ವಿ. ನನಗೆ ತಿಳಿಸಿ, ರಿಡಕ್ಷನ್ ಕೋಪಿಂಗ್ (ಎಲ್ಲಿ ಎಷ್ಟು ಸವೆಸಬೇಕು ಅಂತ ತೋರಿಸುವ ಟೊಪ್ಪಿ) ಕಳಿಸಿ, ಎದುರು ಹಲ್ಲು ಸವೆಸಿ, ಮೇಲ್ಮೈ ಮೆಟಲ್ ಮಾಡಿ. ಡಾಕ್ಟರ್ ಒಂದಕ್ಕೆ ಟಿಕ್ ಹಾಕಿದರೆ ಆಯಿತು. ಅರ್ಧಕ್ಕರ್ಧ ಫೋನುಗಳು ನಿಂತವು.

ಇನ್ನು ನಂಬರ್. 16 ಅಂದರೆ ಎರಡಂಕಿ ಪದ್ಧತಿಯಲ್ಲಿ ಮೇಲಿನ ಬಲಗಡೆ ಮೊದಲ ದವಡೆ ಹಲ್ಲು. 1ರಿಂದ 32ರವರೆಗೆ ಎಣಿಸುವ ಯೂನಿವರ್ಸಲ್ ಪದ್ಧತಿಯಲ್ಲಿ ಅದೇ 16 ಮೇಲಿನ ಎಡಗಡೆಯ ಬುದ್ಧಿಹಲ್ಲು. ಇಂಪ್ರೆಷನ್ ಜೊತೆ ಬಂದರೆ ಪರವಾಗಿಲ್ಲ, ಪ್ರೆಪ್ ಕಣ್ಣಿಗೆ ಕಾಣುತ್ತದೆ. ಮೊದಲೇ ಡಿಸೈನ್ ಮಾಡಿಡು ಅಂತ ಬರೀ ಮೆಸೇಜ್ ಬಂದಾಗ ಎಡವಟ್ಟಾಗೋದು. ನಂಬರ್ ಪಕ್ಕ "ಮೇಲೆ, ಬಲ" ಅಂತ ಎರಡು ಮಾತು ಬರೆದರೆ ಯಾರ ಗಂಟೇನು ಹೋಗುತ್ತದೆ?

ಪ್ರಾಸ್ತೋ_ಮೇಡಂ:

ಸೆರಾಮಿಸ್ಟ್ ಸರ್ ಮಾತನ್ನು ಬಹುಪಾಲು ಒಪ್ಪುತ್ತೇನೆ, ಒಂದನ್ನು ಬಿಟ್ಟು. "ಎದುರು ಹಲ್ಲು ಸವೆಸಿ" ಅನ್ನೋದು ಸ್ಲಿಪ್ಪಿನಲ್ಲಿ ಟಿಕ್ ಹಾಕುವ ಸಾಲೇ ಆಗಬಾರದು. ನೀವು ಮಾಡೆಲ್ ಮೇಲೆ ಸವೆಸೋದು ಸ್ಟೋನು, ನಾನು ಸವೆಸಬೇಕಾಗಿರೋದು ಪೇಷೆಂಟಿನ ಒಳ್ಳೇ ಹಲ್ಲಿನ ಎನಾಮಲ್. ಅದನ್ನು ಪೇಷೆಂಟನ್ನು ಕೇಳದೆ ಮಾಡುವ ಹಾಗಿಲ್ಲ. ಕೆಲವು ಲ್ಯಾಬಿನವರು ಎದುರು ಕಸ್ಪ್ ಸವೆಸಿ ಕ್ರೌನ್ ಮಾಡಿ, ಅಲ್ಲೊಂದು ಕೆಂಪು ಗುರುತೂ ಹಾಕದೆ ಕಳಿಸುತ್ತಾರೆ. ಆರ್ಟಿಕ್ಯುಲೇಟರಿನಲ್ಲಿ (ಮೇಲಿನ ಕೆಳಗಿನ ಮಾಡೆಲ್ ಕೂಡಿಸುವ ಸಾಧನ) ಎಲ್ಲ ಚೆನ್ನಾಗಿರುತ್ತದೆ, ಬಾಯಲ್ಲಿ ಇಟ್ಟರೆ ಆ ಒಂದು ಹಲ್ಲು ಬಿಟ್ಟು ಬೇರೆ ಯಾವ ಹಲ್ಲೂ ಕೂಡೋದಿಲ್ಲ. ಸಾಮಾನ್ಯ ಜಿರ್ಕೋನಿಯಾಗೂ ಮೇಲ್ಮೈಯಲ್ಲಿ 1 ಮಿ.ಮೀ. ಬೇಕು, 1.5 ಇದ್ದರೆ ನೆಮ್ಮದಿ. 0.7 ಅಂದರೆ ಇನ್ನೂ ಸವೆಸಬೇಕು, ಆ ಹಲ್ಲನ್ನೇ. ಹೇಗೂ ಹೊಸ ಇಂಪ್ರೆಷನ್ ಬೇಕಲ್ವಾ, ಎರಡನ್ನೂ ಒಂದೇ ಮೆಸೇಜಿನಲ್ಲಿ ಹೇಳಿ. ಮಾರ್ಜಿನ್‌ಗೆ ಒಂದು ಸಲ, ಜಾಗಕ್ಕೆ ಇನ್ನೊಂದು ಸಲ ಅಂತ ಪೇಷೆಂಟನ್ನು ಎರಡೆರಡು ಬಾರಿ ಕರೆಸುವ ಹಾಗಾಗಬಾರದು.

"ಜಿರ್ಕೋನಿಯಾ" ಅಂತಷ್ಟೇ ಬರೆಯೋ ಡಾಕ್ಟರುಗಳಿಗೂ ಒಂದು ಮಾತು. ಯಾವ ಜಿರ್ಕೋನಿಯಾ? 3ವೈ ಅನ್ನುವ ಬಗೆ ಗಟ್ಟಿ, ಅದರ ಬಲ ಸಾವಿರ ಮೆಗಾಪಾಸ್ಕಲ್ ದಾಟುತ್ತದೆ, ಆದರೆ ಬೆಳಕು ಕಡಿಮೆ ಬಿಡುತ್ತದೆ. 5ವೈ ನೋಡೋಕೆ ಚೆನ್ನ, ಬಲದಲ್ಲಿ ಬಹಳ ಕಡಿಮೆ. ಹಿಂದಿನ ದವಡೆ ಹಲ್ಲಿಗೆ, ಅದೂ ಜಾಗ ಕಡಿಮೆ ಇರುವ ಕಡೆ, ಲ್ಯಾಬಿನವರು ಚೆಂದಕ್ಕೆ ಅಂತ 5ವೈ ಹಾಕಿದರೆ ಅದು ಒಡೆದಾಗ ಯಾರನ್ನು ಕೇಳೋದು? ಡಾಕ್ಟರ್ ಬರೆಯದಿದ್ದರೆ ಕೇಳಿ, ಕೇಳಿದ ಮೇಲೆ ಯಾವುದು ಹಾಕಿದಿರಿ ಅಂತ ಬರೆದು ಕಳಿಸಿ.

ಈ ಎರಡನೆಯದನ್ನು ಯಾರೂ ಮಾಡೋದಿಲ್ಲ, ನನಗೆ ಅದೇ ಸಿಟ್ಟು. ಎಲ್ಲರೂ ಡಾಕ್ಟರಿಂದ ಲ್ಯಾಬಿಗೆ ಬರುವ ಮಾಹಿತಿ ಬಗ್ಗೆ ಮಾತಾಡ್ತೀರಿ, ಲ್ಯಾಬಿನಿಂದ ಕ್ಲಿನಿಕ್ಕಿಗೆ ಏನು ಬರುತ್ತದೆ? ಒಂದು ಡಬ್ಬಿ, ಒಂದು ಬಿಲ್ಲು. ಲಿಥಿಯಂ ಡೈಸಿಲಿಕೇಟ್ (ಗಾಜಿನ ಜಾತಿಯ ಸೆರಾಮಿಕ್) ಕ್ರೌನ್ ಬಂದರೆ ಒಳಮೈಗೆ ಹೈಡ್ರೋಫ್ಲೋರಿಕ್ ಆಸಿಡ್ ಆಗಲೇ ಹಾಕಿದ್ದೀರಾ ಇಲ್ಲವಾ ಅಂತ ನನಗೆ ಗೊತ್ತಾಗಬೇಕು. 5 ಶೇಕಡಾ ಆಸಿಡ್, 20 ಸೆಕೆಂಡ್, ಅಷ್ಟೇ ಸಾಕು ಅದಕ್ಕೆ. ನೀವೂ ಹಾಕಿ ನಾನೂ ಹಾಕಿದರೆ ಜಾಸ್ತಿಯಾಯಿತು, ಇಬ್ಬರೂ ಬಿಟ್ಟರೆ ಬಾಂಡ್ ಹಿಡಿಯೋದಿಲ್ಲ. ಜಿರ್ಕೋನಿಯಾದಲ್ಲಿ ಬೇರೆ ತಕರಾರು. ಒಳಗೆ ಸ್ಯಾಂಡ್‌ಬ್ಲಾಸ್ಟ್ ಮಾಡಿ ಕಳಿಸಿದ್ದರೂ ಟ್ರಯಲ್ ಹೊತ್ತಿನಲ್ಲಿ ಎಂಜಲು ತಾಗಿದ ಕೂಡಲೇ ಅದರಲ್ಲಿನ ಫಾಸ್ಫೇಟ್ ಮೇಲ್ಮೈಗೆ ಅಂಟಿಕೊಳ್ಳುತ್ತದೆ, ಸಿಮೆಂಟಿಗೆ ಜಾಗ ಬಿಡೋದಿಲ್ಲ. ಅದನ್ನು ತೊಳೆಯೋಕೆ ಅಂತ ಫಾಸ್ಫೋರಿಕ್ ಆಸಿಡ್ ಹಾಕುವ ಡಾಕ್ಟರುಗಳನ್ನು ನೋಡಿದ್ದೇನೆ, ಫಾಸ್ಫೇಟ್ ತೆಗೆಯೋಕೆ ಇನ್ನಷ್ಟು ಫಾಸ್ಫೇಟ್. ಕ್ಲೀನಿಂಗ್ ಪೇಸ್ಟ್ ಇದೆ, ಇಲ್ಲ ಮತ್ತೆ ಸಣ್ಣಗೆ ಬ್ಲಾಸ್ಟ್ ಮಾಡಬೇಕು. ಡಬ್ಬಿಯೊಳಗೆ ಒಂದು ಚೀಟಿ ಇಟ್ಟರೆ ಸಾಕು, "3ವೈ, ಒಳಗೆ ಬ್ಲಾಸ್ಟ್ ಮಾಡಿದೆ, ಗ್ಲೇಜ್ ಆಗಿದೆ" ಅಂತ.

ಶೇಡ್ ಬಗ್ಗೆ ಬರೆದರೆ ರಾತ್ರಿ ಆಗುತ್ತದೆ. ಹಿಂದಿನ ಹಲ್ಲಿಗೆ "ಎ2" ಸಾಕು ಅನ್ನಿ. ಮುಂದಿನ ಹಲ್ಲಿಗೆ ಎ2 ಅನ್ನೋದು ವಿಳಾಸದಲ್ಲಿ ಬೀದಿ ಹೆಸರು ಮಾತ್ರ ಬರೆದ ಹಾಗೆ. ಪ್ರೆಪ್ ಮಾಡುವ ಮೊದಲೇ ಶೇಡ್ ನೋಡಬೇಕು, ಬಾಯಿ ತೆರೆದು ಹಲ್ಲು ಒಣಗಿದ ಮೇಲೆ ನೋಡಿದರೆ ಅದು ಬೆಳ್ಳಗೆ ಕಾಣುತ್ತದೆ, ಆ ಬಿಳಿಗೆ ಹೊಂದಿಸಿದ ಕ್ರೌನ್ ಮರುದಿನ ಬೇರೆಯಾಗಿ ನಿಲ್ಲುತ್ತದೆ. ಫೋಟೊ ತೆಗೆಯುವಾಗ ಶೇಡ್ ಟ್ಯಾಬನ್ನು ಹಲ್ಲಿನ ಅಂಚಿಗೆ ಅಂಚು ಕೊಟ್ಟು, ಹಲ್ಲಿನ ಸಾಲಿನಲ್ಲೇ ಹಿಡಿಯಿರಿ. ಟ್ಯಾಬ್ ಸ್ವಲ್ಪ ಮುಂದೆ ಬಂದರೂ ಫ್ಲ್ಯಾಶ್ ಬೆಳಕಿಗೆ ಬೇರೆ ಬಣ್ಣವೇ ಬರುತ್ತದೆ. ಟ್ಯಾಬಿನ ಮೇಲಿನ ಅಕ್ಷರ ಫೋಟೊದಲ್ಲಿ ಕಾಣಬೇಕು. ರೂಟ್ ಕೆನಾಲ್ ಆಗಿ ಕಪ್ಪಾದ ಹಲ್ಲಾದರೆ ಪ್ರೆಪ್ ಮಾಡಿದ ಮೇಲಿನ ಬುಡದ ಬಣ್ಣವನ್ನೂ ಕಳಿಸಿ. ಪಾರದರ್ಶಕ ಕ್ರೌನಿನ ಕೆಳಗಿಂದ ಆ ಕಪ್ಪು ಇಣುಕುತ್ತದೆ, ಲ್ಯಾಬಿಗೆ ಮೊದಲೇ ಗೊತ್ತಿದ್ದರೆ ಮರೆಮಾಡುವ ಇಂಗಾಟ್ (ಕ್ರೌನ್ ಮಾಡುವ ಸೆರಾಮಿಕ್ ಗಟ್ಟಿ) ಆರಿಸ್ತಾರೆ.

ಸ್ಕ್ಯಾನ್_ಮಾಡಿ_ನೋಡಿ:

ಇನ್ನೂ ಪೆನ್ಸಿಲ್, ಮೇಣ, ಕ್ಯಾಲಿಪರ್ ಅಂತ ಮಾತಾಡ್ತಿದ್ದೀರಲ್ಲ! ಬಾಯೊಳಗೇ ಅಳತೆ ತೆಗೆಯುವ ಸ್ಕ್ಯಾನರ್ ತಗೊಳ್ಳೋಕೆ ಹೇಳಿ ಡಾಕ್ಟರಿಗೆ. ಗುಳ್ಳೆ ಇಲ್ಲ, ಎಳೆತ ಇಲ್ಲ. ಎಷ್ಟು ಜಾಗ ಇದೆ ಅಂತ ಸ್ಕ್ರೀನಿನಲ್ಲೇ ಬಣ್ಣದಲ್ಲಿ ತೋರಿಸುತ್ತದೆ, ಪೇಷೆಂಟ್ ಎದ್ದು ಹೋಗುವ ಮೊದಲೇ ಇನ್ನಷ್ಟು ಸವೆಸಿ ಆ ಭಾಗ ಮಾತ್ರ ಮತ್ತೆ ಸ್ಕ್ಯಾನ್ ಮಾಡಬಹುದು.

ಹಳೇ_ಸೆರಾಮಿಸ್ಟ್:

ನಮ್ಮಲ್ಲಿಗೂ ಸ್ಕ್ಯಾನ್ ಬರುತ್ತವಪ್ಪಾ, ಕ್ರೌನ್ ಕೊರೆಯುವ ಮಿಲ್ಲಿಂಗ್ ಮೆಷಿನ್ನೂ ಇದೆ. ಸ್ಕ್ಯಾನರ್ ಕ್ಯಾಮೆರಾ ತಾನೇ? ಕಣ್ಣಿಗೆ ಕಾಣದ್ದು ಅದಕ್ಕೂ ಕಾಣೋದಿಲ್ಲ. ವಸಡನ್ನು ಸರಿಯಾಗಿ ಸರಿಸದೆ, ರಕ್ತ ಎಂಜಲು ಒರೆಸದೆ ಸ್ಕ್ಯಾನ್ ಮಾಡಿದರೆ ಅದು ರಕ್ತವನ್ನೇ ಹಲ್ಲು ಅಂತ ಬರೆದುಕೊಳ್ಳುತ್ತದೆ. ಇಂಪ್ರೆಷನ್ನಿನಲ್ಲಿ ಗುಳ್ಳೆ ಬಿದ್ದರೆ ಗುಳ್ಳೆ ಅಂತ ಕಾಣುತ್ತದೆ. ಸ್ಕ್ಯಾನಿನಲ್ಲಿ ತೂತು ಬಿದ್ದರೆ ಸಾಫ್ಟ್‌ವೇರ್ ನುಣ್ಣಗೆ ಮುಚ್ಚಿ ಕಳಿಸುತ್ತದೆ, ಅಲ್ಲಿ ಮಾರ್ಜಿನ್ ಇತ್ತೋ ಇಲ್ಲವೋ ಬ್ರಹ್ಮನಿಗೂ ಗೊತ್ತಾಗೋದಿಲ್ಲ. ಎಸ್‌ಟಿಎಲ್ ಅನ್ನೋ ಸ್ಕ್ಯಾನ್ ಫೈಲಿನಲ್ಲಿ ಬಣ್ಣವೂ ಇರೋದಿಲ್ಲ, ಎಲ್ಲ ಒಂದೇ ಬೂದಿ, ಹಲ್ಲು ಯಾವುದು ವಸಡು ಯಾವುದು. ಸ್ಕ್ಯಾನ್ ಕಳಿಸುವ ಡಾಕ್ಟರಿಗೆ ಎರಡು ಕೋರಿಕೆ. ಬಣ್ಣ ಇರುವ ಪಿಎಲ್‌ವೈ ಫೈಲ್ ಕಳಿಸಿ, ಮಾರ್ಜಿನ್ ಗೆರೆಯನ್ನು ನೀವೇ ಹಾಕಿ ಕಳಿಸಿ.

ಸ್ಕ್ಯಾನ್_ಮಾಡಿ_ನೋಡಿ:

ಎರಡಕ್ಕೂ ತಕರಾರಿಲ್ಲ. ಆಟೋ ಮಾರ್ಜಿನ್ ಒತ್ತಿ ಹಾಗೇ ಕಳಿಸುವವರೇ ಜಾಸ್ತಿ, ಅದು ನಿಜ. ಒಂದು ಸೇರಿಸುತ್ತೇನೆ, ಪ್ರೆಪ್ಪಿನ ಅಂಚುಗಳನ್ನು ಚೂಪಾಗಿ ಬಿಡಬೇಡಿ ಅಂತಲೂ ಹೇಳಿ. ಮಿಲ್ಲಿಂಗ್ ಬರ್‌ಗೂ ಒಂದು ದಪ್ಪ ಇರುತ್ತದೆ, ಅದಕ್ಕಿಂತ ಚೂಪಾದ ಮೂಲೆಯನ್ನು ಅದು ಕೊರೆಯೋಕಾಗೋದಿಲ್ಲ. ಕ್ರೌನ್ ಇಳಿಯಲಿ ಅಂತ ಸಾಫ್ಟ್‌ವೇರ್ ಒಳಗೆ ಜಾಸ್ತಿ ಕೊರೆಯುತ್ತದೆ, ಮೇಲ್ಮೈ ಅಷ್ಟು ತೆಳುವಾಗುತ್ತದೆ. ಜಾಗ ಮೊದಲೇ ಕಡಿಮೆ ಇರುವ ಕಡೆ ಇದೇ ಕ್ರ್ಯಾಕ್‌ಗೆ ದಾರಿ.

ಕ್ಯಾಪ್_ಹಾಕಿಸಿಕೊಂಡವ:

ನಾನು ಡಾಕ್ಟರೂ ಅಲ್ಲ ಲ್ಯಾಬಿನವನೂ ಅಲ್ಲ, ಪೇಷೆಂಟು. ಎರಡನೇ ಸಲ ಅಳತೆ ಕೊಡೋಕೆ ಕರೆದಾಗ ಸಿಟ್ಟು ಬಂದಿತ್ತು, ಇದನ್ನು ಓದಿದ ಮೇಲೆ ಕಾರಣ ಏನಿರಬಹುದು ಅಂತ ಗೊತ್ತಾಯಿತು. ಇದರಲ್ಲಿ ನಮ್ಮ ಕೈಲಿ ಏನಾದರೂ ಇದೆಯಾ?

ಡ್ರಿಲ್_ಡಾಕ್ಟರ್:

ಇದೆ. ಟೆಂಪರರಿ ಕ್ಯಾಪ್ ಬಿದ್ದರೆ ಅವತ್ತೇ ಫೋನ್ ಮಾಡಿ. "ನೋವಿಲ್ಲ, ಪರ್ಮನೆಂಟ್ ಬರುವ ದಿನ ಹೋದರಾಯಿತು" ಅಂತ ಬಹಳ ಜನ ಸುಮ್ಮನಿದ್ದುಬಿಡುತ್ತಾರೆ. ಪಕ್ಕದ ಹಲ್ಲು ಆ ಖಾಲಿ ಜಾಗಕ್ಕೆ ವಾಲುತ್ತದೆ, ಎದುರು ಹಲ್ಲು ಇಳಿಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬದಲಾವಣೆಯೇ ಆದರೂ, ಹಳೇ ಅಳತೆಗೆ ಮಾಡಿದ ಕ್ಯಾಪ್ ಆಮೇಲೆ ಒಳಗೇ ಹೋಗೋದಿಲ್ಲ. ಆಗ ನಾವು ಲ್ಯಾಬಿನವರನ್ನು ಬೈತೀವಿ, ಪಾಪ ಅವರು ಸರಿಯಾಗೇ ಮಾಡಿರುತ್ತಾರೆ.

ಮೇಣದ_ಚಾಕು:

ಎಲ್ಲರಿಗೂ ಥ್ಯಾಂಕ್ಸ್. ಡೈ ಮತ್ತು ಇಂಪ್ರೆಷನ್ ಫೋಟೊ ಕಳಿಸಿದೆ, ಬಾಣದ ಗುರುತು ಹಾಕಿ, 0.7 ಅಂತಲೂ ಬರೆದು. ಮಧ್ಯಾಹ್ನ ಉತ್ತರ ಬಂತು, "ಪೇಷೆಂಟನ್ನು ಕರೆಸ್ತೇನೆ, ಎಲ್ಲಿ ಎಷ್ಟು ಸವೆಸಬೇಕು ಅಂತ ತೋರಿಸಿ" ಅಂತ. ಯಾವ ಜಿರ್ಕೋನಿಯಾ ಅಂತ ಕೇಳಿದ್ದಕ್ಕೆ ಮಾತ್ರ "ಒಳ್ಳೇದು ಹಾಕಿ" ಅಂದಿದ್ದಾರೆ. ಮತ್ತೆ ಕೇಳಬೇಕು.

ರಿಡಕ್ಷನ್ ಕೋಪಿಂಗ್ ನಾನು ಮಾಡಿಲ್ಲ. ಪ್ಯಾಟರ್ನ್ ರೆಸಿನ್ನಿನಲ್ಲೇ (ಹಚ್ಚಿದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್) ಮಾಡೋದಾ? ಮಾರ್ಜಿನ್ನೇ ಸರಿ ಇಲ್ಲದ ಡೈ ಮೇಲೆ ಮಾಡಿದರೆ ನಡೆಯುತ್ತದಾ?

ಹಳೇ_ಸೆರಾಮಿಸ್ಟ್:

ನಡೆಯುತ್ತದೆ. ಕೋಪಿಂಗ್ ಮಾರ್ಜಿನ್ ತನಕ ಹೋಗಬೇಕಾಗಿಲ್ಲ, ಮೇಲಿನ ಅರ್ಧ ಹಿಡಿದುಕೊಂಡರೆ ಸಾಕು. ಆದರೆ ಒಂದೇ ಕಡೆ ಅಲುಗಾಡದೆ ಕೂರಬೇಕು, ಇಲ್ಲದಿದ್ದರೆ ಡಾಕ್ಟರ್ ತಪ್ಪು ಕಡೆ ಸವೆಸ್ತಾರೆ.

ಮೊದಲು ಡೈ ಮೇಲೆ ಆ ಕಸ್ಪನ್ನು ಬೇಕಾದಷ್ಟು ಕೆಳಗಿಳಿಸು, ಎದುರು ಮಾಡೆಲ್ ಕೂಡಿಸಿ ಮತ್ತೆ ಅಳೆ, 1.5 ಬರೋ ತನಕ. ಸವೆಸಿದ ಜಾಗಕ್ಕೆ ಕೆಂಪು ಬಣ್ಣ ಹಚ್ಚು. ಆಮೇಲೆ ಅಂಟದ ಹಾಗೆ ಸೆಪರೇಟರ್ ಹಚ್ಚಿ ಪ್ಯಾಟರ್ನ್ ರೆಸಿನ್ ತೆಳುವಾಗಿ ಹಾಕು, ಕೆಂಪು ಜಾಗದ ಮೇಲೆ ಮಾತ್ರ ಹಾಕಬೇಡ, ಅಲ್ಲಿ ಕಿಂಡಿ ಇರಲಿ. ಕಿಂಡಿಯ ಅಂಚು ಸವೆಸಿದ ಮಟ್ಟಕ್ಕೆ ಸಮ ಇರಬೇಕು. ಡಾಕ್ಟರ್ ಅದನ್ನು ಬಾಯಲ್ಲಿ ಹಲ್ಲಿನ ಮೇಲೆ ಕೂರಿಸಿದಾಗ ಕಸ್ಪ್ ಆ ಕಿಂಡಿಯಿಂದ ಹೊರಗೆ ಬರುತ್ತದೆ, ಬಂದಷ್ಟನ್ನು ಬರ್ ಹಿಡಿದು ಸಮ ಮಾಡಿದರೆ ಆಯಿತು. ಸವೆಸಿದ ಮೇಲೆ ಹೊಸ ಇಂಪ್ರೆಷನ್ ತಗೊಳ್ಳೋಕೆ ಚೀಟಿಯಲ್ಲಿ ಬರಿ, ಕೋಪಿಂಗ್ ಸರಿಯಾಯಿತು ಅಂತ ಹಳೇ ಡೈ ಮೇಲೆ ಕ್ರೌನ್ ಮಾಡೋಕೆ ಹೇಳುವವರಿದ್ದಾರೆ. ಕೋಪಿಂಗ್ ಒಳಗೆ ಪೇಷೆಂಟ್ ನಂಬರೂ ಬರೆದು ಕಳಿಸು, ಅಷ್ಟು ಸಣ್ಣ ಸಾಮಾನು, ಬೇರೆ ಕೇಸಿನ ಡಬ್ಬಿಗೆ ಸೇರಿಬಿಡುತ್ತದೆ.